ಹಳೇ ಅಳತೆಯೇ ಸಾಕು

ಫೆಬ್ರವರಿ 9

ಟೆಲಿವಿಷನ್ ಕಂಪನಿಯ ಕಥಾವಿಭಾಗದ ಮಾನ್ಯರಿಗೆ,

ನಾನು ನಿಮ್ಮ ಒಬ್ಬ ಪ್ರೇಕ್ಷಕ. ವೃತ್ತಿಯಲ್ಲಿ ದರ್ಜಿ. ನಲವತ್ತೊಂದು ವರ್ಷದಿಂದ ಒಂದೇ ಬೀದಿಯಲ್ಲಿ ಒಂದೇ ಮೇಜಿನ ಮುಂದೆ ನಿಂತಿದ್ದೇನೆ. ಮೇಜು ಮೂರು ಸಲ ಬದಲಾಗಿದೆ, ನಾನು ಆಗಿಲ್ಲ. ಶನಿವಾರ ಸಂಜೆ ನಿಮ್ಮ ವಿಜ್ಞಾನ ಕಥಾಮಾಲೆಯಲ್ಲಿ ಬಂದ ‘ನಾನೂರು ವರ್ಷದ ದರ್ಜಿ’ ಎಂಬ ಕಂತನ್ನು ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ನೋಡಿದೆ.

ಕಥೆಯನ್ನು ಸರಿಯಾಗಿ ಹಿಡಿದಿದ್ದೇನೆಯೇ ಎಂದು ನೀವೇ ನೋಡಿ. ಯಾವುದೋ ಕೆಂಪು ನಕ್ಷತ್ರವನ್ನು ಸುತ್ತುವ ಒಂದು ನಿಲ್ದಾಣ. ಅಲ್ಲಿಂದ ಹೊರಗೆ ಹೋಗುವವರಿಗೆಲ್ಲ ಗಾಳಿ ಸೋರದ ಉಡುಪು ಹೊಲಿದುಕೊಡುವ ದರ್ಜಿ. ಯಾರಿಗೋ ಹಾಕಬೇಕಾಗಿದ್ದ ಸೂಜಿಮದ್ದನ್ನು ಇವನಿಗೆ ಹಾಕಿದ್ದಾರೆ; ವಯಸ್ಸು ನಿಂತುಹೋಗಿದೆ, ಸಾವು ಬರುವ ಹಾಗಿಲ್ಲ. ನಾನೂರು ವರ್ಷದ ಅಳತೆ ಪುಸ್ತಕಗಳಿಂದ ಕೋಣೆ ತುಂಬಿದೆ. ಹೆಂಡತಿಗೆ ಆ ಮದ್ದು ಸಿಕ್ಕಿಲ್ಲ, ಅವಳಿಗೆ ಮುಪ್ಪು. ಅವಳ ಮೈ ಇಳಿಯುತ್ತಿದ್ದರೂ ಅವನು ಟೇಪು ಮುಟ್ಟುವುದಿಲ್ಲ. “ಹಳೇ ಅಳತೆಯೇ ಸಾಕು” ಎನ್ನುತ್ತಾನೆ. ದೊಗಳೆ ಉಡುಪಿನಲ್ಲಿ ಅವಳು ಹೊರಬಾಗಿಲ ಮುಂದೆ ಬಂದು ನಿಂತಲ್ಲಿಗೆ ಮೊದಲ ಭಾಗ ಮುಗಿಯಿತು. ಎರಡನೆಯದು ಆಗಸ್ಟಿಗೆ ಎಂದಿರಿ. ವಯಸ್ಸಾದ ಹೆಂಗಸನ್ನು ಆರು ತಿಂಗಳು ಬಾಗಿಲಲ್ಲಿ ನಿಲ್ಲಿಸುವುದು ಯಾವ ಮರ್ಯಾದೆ?

ಐವತ್ತೆರಡು ನಿಮಿಷದಲ್ಲಿ ನನಗೆ ಸಿಕ್ಕ ತಪ್ಪುಗಳು ಹನ್ನೊಂದು. ಎಲ್ಲ ಬರೆಯುವುದಿಲ್ಲ. ನಿಮ್ಮ ನಟ ಕತ್ತರಿಯನ್ನು ಬೆಕ್ಕಿನ ಬಾಲ ಹಿಡಿದ ಹಾಗೆ ಹಿಡಿಯುತ್ತಾನೆ. ಸೂಜಿ ತಳ್ಳಲು ನಡುಬೆರಳಿಗೆ ಹಾಕುವ ಬೆರಳುಕವಚ ಹೆಬ್ಬೆರಳಿನಲ್ಲಿತ್ತು. ನಾನೂರು ವರ್ಷ ಅದೇ ಕೋಟು ಹಾಕಿಕೊಂಡವನ ಮೊಣಕೈ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಮನುಷ್ಯನಿಗೆ ಸಾವಿಲ್ಲದಿದ್ದರೆ ಬಟ್ಟೆಗೂ ಇಲ್ಲವೇ?

ಮೆಚ್ಚಿಗೆಗಳು ಮೂರೇ, ಆದರೆ ಹನ್ನೊಂದನ್ನೂ ಮುಚ್ಚುವಂಥವು. ಒಬ್ಬ ಯುವಕ ಅಳತೆಗೆ ನಿಲ್ಲುತ್ತಾನೆ. ಟೇಪು ಹಾಕುವ ಮೊದಲೇ ನಿಮ್ಮ ದರ್ಜಿ “ಎಡಭುಜ ಕಾಲು ಇಂಚು ಇಳಿಜಾರು” ಎನ್ನುತ್ತಾನೆ. “ಹೇಗೆ ಗೊತ್ತಾಯ್ತು?” “ನಿನ್ನ ಮುತ್ತಜ್ಜಂದು ಅದು. ಅವನಿಗೂ ಗೊತ್ತಿರಲಿಲ್ಲ.” ಸತ್ತವರ ಭುಜಗಳನ್ನೆಲ್ಲ ತಲೆಯಲ್ಲಿ ಹೊತ್ತು ಒಬ್ಬನೇ ಉಳಿಯುವುದು ಎಂದರೇನು ಎಂದು ಆ ಒಂದು ಮಾತಿನಲ್ಲಿ ನನಗೆ ತಿಳಿಯಿತು.

ಎರಡನೆಯದು ಒಂದು ಪದ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲೆಂದು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇವೆ. ಅದಕ್ಕೆ ಬೇರೆ ಅಂಗಡಿಗಳಲ್ಲಿ ಬೇರೆ ಹೆಸರು. ‘ನಾಳೆ’ ಎಂದು ಕರೆಯುವ ಅಂಗಡಿ ನನಗೆ ತಿಳಿದಂತೆ ಲೋಕದಲ್ಲಿ ಒಂದೇ. ನಿಮ್ಮ ದರ್ಜಿ ತನ್ನ ಆ ಕೋಟಿನ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತ “ಎಲ್ಲರ ಬಟ್ಟೇಲೂ ನಾಳೆ ಬಿಡ್ತೀನಿ. ನನ್ನದಕ್ಕೆ ಬೇಡ. ನಾನು ದಪ್ಪಾನೂ ಆಗಲ್ಲ, ಸಣ್ಣಾನೂ ಆಗಲ್ಲ” ಎಂದಾಗ ನಾನು ಸ್ಟೂಲಿನಿಂದ ಎದ್ದು ನಿಂತುಬಿಟ್ಟೆ. ಆ ಪದ ನಿಮಗೆ ಎಲ್ಲಿ ಸಿಕ್ಕಿತು?

ಮೂರನೆಯದು ಕಾಗದದಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಕಥೆ ಬರೆದವರ ಹೆಸರು ಒಂದೂವರೆ ಸೆಕೆಂಡು ಬಂತು. ಅಂಗಡಿಯಲ್ಲಿ ಗುಂಡಿ ಹೊಲಿಯುವ ನನ್ನ ತಂಗಿ “ಅಯ್ಯೋ ಅಣ್ಣಾ, ಅದು ನಮ್ಮ—” ಎಂದು ಬಾಯಿ ತೆಗೆದಳು. ನಾನು ಇಸ್ತ್ರಿಪೆಟ್ಟಿಗೆ ಎಲ್ಲಿ ಎಂದು ಕೇಳಿದೆ.

ಇಂತು,
ಒಬ್ಬ ಪ್ರೇಕ್ಷಕ


ಫೆಬ್ರವರಿ 27

ಮಾನ್ಯ ಪ್ರೇಕ್ಷಕರೇ,

ನಿಮ್ಮ ಪತ್ರವನ್ನು ನಮ್ಮ ವಿಭಾಗದ ಆರು ಜನರೂ ಓದಿದರು. ನಟನಿಗೂ ಓದಿ ಹೇಳಿದೆವು. ಬೆಕ್ಕಿನ ಬಾಲದ ಮಾತಿಗೆ ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಈಗ ಒಂದು ಕತ್ತರಿ ತರಿಸಿಕೊಂಡು ಹಳೇ ಪತ್ರಿಕೆ ಕತ್ತರಿಸುತ್ತ ಕೂತಿರುತ್ತಾನೆ.

ಆ ಪದ ಎಲ್ಲಿ ಸಿಕ್ಕಿತು ಎಂದು ಕೇಳಿದ್ದೀರಿ. ನಮ್ಮ ತಂದೆಯೂ ದರ್ಜಿ. ಏಳು ವರ್ಷದವಳಿದ್ದಾಗಿನಿಂದ ಅವರ ಅಳತೆ ಪುಸ್ತಕ ಬರೆದವಳು ನಾನು. ಅವರು ಟೇಪು ಹಿಡಿದು ಕೂಗುವರು, ನಾನು ಬರೆಯುವೆ. ಎದೆ, ಸೊಂಟ, ಭುಜ, ತೋಳು, ಕೊರಳು. ಯಾವಾಗಲೂ ಅದೇ ಸಾಲು. ವರ್ಷದ ಮೊದಲ ಚಳಿಯ ದಿನ ಮನೆಯವರೆಲ್ಲರ ಅಳತೆ ಹಿಡಿಯುವುದು ನಮ್ಮಲ್ಲಿ ನಡೆದುಬಂದದ್ದು. ಅಮ್ಮ ಕಾಯಿಲೆ ಬಿದ್ದ ವರ್ಷ ಆ ದಿನ ನಾನು ಪುಸ್ತಕ ತೆಗೆದು ಪೆನ್ನು ಹಿಡಿದು ಕಾಯುತ್ತಿದ್ದೆ. ತಂದೆಯವರು “ನಿಮ್ಮಮ್ಮಂಗೆ ಹಳೇ ಅಳತೆಯೇ ಸಾಕು” ಎಂದು ಎದ್ದುಹೋದರು. ಆ ಅಳತೆಗೆ ಹೊಲಿದ ಚಳಿಗಾಲದ ಕೋಟಿನಲ್ಲಿ ಅಮ್ಮನ ಕೊರಳ ಸುತ್ತ ಬೆರಳು ಆಡುವಷ್ಟು ಸಂದು ಇತ್ತು. ಯಾರದ್ದೋ ಮದುವೆಯ ಕೋಟನ್ನು ನಾಲ್ಕು ಸಲ ಬಿಚ್ಚಿ ಹೊಲಿದ ಮನುಷ್ಯ ಅವರು.

ಈಗ ನನ್ನ ಕಷ್ಟ ಹೇಳುತ್ತೇನೆ, ನೀವು ಕಸುಬಿನವರಾದ್ದರಿಂದ. ಎರಡನೇ ಭಾಗವನ್ನು ಜೂನ್ ಕೊನೆಗೆ ಒಪ್ಪಿಸಬೇಕು. ದರ್ಜಿ ಹೆಂಡತಿಯ ಅಳತೆ ಏಕೆ ಹಿಡಿಯಲಿಲ್ಲ ಎನ್ನುವುದಕ್ಕೆ ಉತ್ತರ ಬೇಕು. ಬರೆದವಳು ನಾನೇ, ನನಗೇ ಗೊತ್ತಿಲ್ಲ. ನಮ್ಮ ಮುಖ್ಯ ಕಥೆಗಾರರು ಹೇಳುವುದು ಇಷ್ಟು: “ಅದರಲ್ಲೇನಿದೆ? ಬೇಸರ. ನಾನೂರು ವರ್ಷ ಬದುಕಿದವನಿಗೆ ಒಬ್ಬಳು ಮುದುಕಿ ಯಾವ ಲೆಕ್ಕ? ಹಾಗೇ ಬರಿ, ಜನ ನಂಬ್ತಾರೆ.”

ಜನ ನಂಬುತ್ತಾರೆ. ನಾನೂ ಆರು ವರ್ಷದಿಂದ ಅದನ್ನೇ ನಂಬಿದ್ದೇನೆ. ಬೇರೆ ಉತ್ತರ ಸಿಗದಿದ್ದರೆ ಅದನ್ನೇ ಬರೆದು ಒಪ್ಪಿಸುತ್ತೇನೆ.

ವಿಶ್ವಾಸದಿಂದ,
ಕಥೆಗಾರ್ತಿ


ಮಾರ್ಚ್ 6

ಕಥೆಗಾರ್ತಿಯವರೇ,

ನಟನಿಗೆ ಹೇಳಿ, ಪತ್ರಿಕೆ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ. ಹಳೇ ಬೆಡ್‌ಶೀಟು ಕತ್ತರಿಸಲಿ.

ನಿಮ್ಮ ಮುಖ್ಯ ಕಥೆಗಾರರಿಗೆ ಮದುವೆಯಾಗಿದೆಯೇ? ಆಗಿಲ್ಲ ಎಂದುಕೊಂಡಿದ್ದೇನೆ. ಆಗಿದ್ದರೆ ಅವರ ಮನೆಯಾಕೆಯ ಮೇಲೆ ನನಗೆ ಕನಿಕರವಿದೆ. ಬೇಸರದ ಕಥೆ ಹೊಲಿಗೆ ಇಲ್ಲದ ಬಟ್ಟೆಯ ಹಾಗೆ, ಯಾರ ಮೈಗಾದರೂ ಹೊದಿಸಬಹುದು, ಯಾರ ಮೈಗೂ ಕೂರುವುದಿಲ್ಲ. ನಿಮ್ಮ ಮೊದಲ ಭಾಗ ಅಂಥ ಕೆಲಸವಲ್ಲ. ಆ ದರ್ಜಿ ಹೆಂಡತಿಗೆ ನೀರು ಕೊಡುವಾಗ ಲೋಟವನ್ನು ಮೊದಲು ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡುತ್ತಾನೆ. ಬೇಸರವಾದವನು ಹಾಗೆ ಮಾಡುತ್ತಾನೆಯೇ? ಬರೆದವರು ನೀವು, ಮರೆತವರೂ ನೀವೇ.

ಆದ್ದರಿಂದ ಏನು ಬೇಕಾದರೂ ಬರೆಯಿರಿ, ಅದೊಂದು ಬೇಡ. ಸೂಜಿಮದ್ದಿನಿಂದ ಅವನ ತಲೆ ಕೆಟ್ಟಿತು ಎನ್ನಿ. ಟೇಪು ಕಳೆದುಹೋಯಿತು ಎನ್ನಿ. ನನಗೆ ಈಗ ಶಾಲೆಯ ಸಮವಸ್ತ್ರದ ಕೆಲಸ ರಾಶಿ ಬಿದ್ದಿದೆ, ಉದ್ದಕ್ಕೆ ಬರೆಯಲು ಪುರುಸೊತ್ತಿಲ್ಲ.

ಒಬ್ಬ ಪ್ರೇಕ್ಷಕ


ಏಪ್ರಿಲ್ 2

ಅಂಗಡಿಯ ವಿಳಾಸಕ್ಕೆ,

ಈ ನಾಟಕ ಸಾಕು. ನಾನು ನಿಮ್ಮ ‘ಗುಂಡುಸೂಜಿ’. ನನಗೆ ಆ ಹೆಸರಿಟ್ಟವರೂ ನೀವೇ. ಎಲ್ಲಿ ಬಿದ್ದರೂ ಚುಚ್ಚುತ್ತಾಳೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಿರಿ.

ಮೊದಲ ಭಾಗ ಬರೆಯುವಾಗ ಸಿಟ್ಟಿನಿಂದಲೇ ಕೂತಿದ್ದೆ. ನಿಮ್ಮನ್ನು ಊರೆಲ್ಲ ನೋಡುವ ಹಾಗೆ ಪರದೆಯ ಮೇಲೆ ನಿಲ್ಲಿಸುತ್ತೇನೆ ಎಂದುಕೊಂಡಿದ್ದೆ. ಬರೆಯುತ್ತ ಬರೆಯುತ್ತ ಕೈ ನನ್ನ ಮಾತು ಕೇಳಲಿಲ್ಲ. ಆ ಲೋಟದ ದೃಶ್ಯವನ್ನು ಎರಡು ಸಲ ಹೊಡೆದುಹಾಕಿದೆ, ಎರಡು ಸಲವೂ ವಾಪಸು ಬರೆದೆ. ಅದು ನಾನು ಕಂಡದ್ದು. ನೀವು ಅಮ್ಮನಿಗೆ ಹಾಗೇ ಕೊಡುತ್ತಿದ್ದಿರಿ.

ಹಾಗಾದರೆ ಅಳತೆ ಏಕೆ ಹಿಡಿಯಲಿಲ್ಲ? ಅಮ್ಮ ಹೋದ ಮರುದಿನ ಕೇಳಿದೆ. ನೀವು “ಆಗ್ಲಿಲ್ಲ, ಬಿಡು” ಎಂದಿರಿ. ನಾನು ಹೇಳಬಾರದ್ದನ್ನೆಲ್ಲ ಹೇಳಿ ಪೆಟ್ಟಿಗೆ ತೆಗೆದುಕೊಂಡು ಹೊರಟೆ. ನೀವು ತಡೆಯಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕೋಟಿನ ಕಾಲರು ಸರಿಮಾಡಿದಿರಿ, ಅಷ್ಟೇ.

ಜೂನ್ ಕೊನೆಯವರೆಗೆ ಸಮಯವಿದೆ. ಆಮೇಲೆ ಮುಖ್ಯ ಕಥೆಗಾರರ ಉತ್ತರವೇ ಗತಿ. ನಿಮ್ಮ ಪರದೆಯ ಅವತಾರಕ್ಕೂ, ನಿಮಗೂ.

ಗುಂಡುಸೂಜಿ


ಮೇ 4

ನಮ್ಮ ಗುಂಡುಸೂಜಿಗೆ ಅತ್ತೆಯ ಆಶೀರ್ವಾದ.

ನಾನು ಕಾಗದ ಬರೆಯೋಳಲ್ಲ ಅಂತ ನಿನಗೆ ಗೊತ್ತು. ಗುಂಡಿ ಹೊಲಿಯೋ ಕೈಗೆ ಪೆನ್ನು ನಿಲ್ಲಲ್ಲ. ಆದರೂ ಬರೀತಾ ಇದೀನಿ, ಯಾಕಂದ್ರೆ ನಿಮ್ಮಪ್ಪನ ಅವಸ್ಥೆ ನೋಡೋಕಾಗ್ತಿಲ್ಲ. ನಿನ್ನ ಕಾಗದ ಬಂದಾಗಿನಿಂದ ಮಧ್ಯಾಹ್ನ ಊಟ ಆದಮೇಲೆ ಕೂತು ಬರೆಯೋದು, ಹರಿಯೋದು, ಬರೆಯೋದು, ಹರಿಯೋದು. ಹರಿದ ಕಾಗದಾನೂ ಸೀಮೆಸುಣ್ಣದ ಗೆರೆ ಎಳೆದ ಹಾಗೆ ನೆಟ್ಟಗೆ ಹರೀತಾನೆ. “ಏನಣ್ಣಾ ಅದು?” ಅಂದ್ರೆ “ಗಿರಾಕಿಗೆ ಉತ್ತರ” ಅಂತಾನೆ. ಯಾವ ಗಿರಾಕಿಗೆ ಇಷ್ಟು ಕಾಗದ ಖರ್ಚು ಮಾಡಿದಾನೆ ಇವನು!

ಮೊನ್ನೆ ಪಕ್ಕದ ಚಾವಿ ಮಾಡೋನು ಬಂದು “ಏನ್ರೀ, ಟಿವೀಲಿ ಬಂದ ದರ್ಜಿ ಥೇಟ್ ನಿಮ್ಮ ಹಂಗೇ ಕೆಮ್ತಾನಲ್ರೀ” ಅಂದ. ನಿಮ್ಮಪ್ಪ “ನಾನು ಅವನಿಗಿಂತ ಚೆನ್ನಾಗಿ ಕೆಮ್ತೀನಿ” ಅಂದ. ಆಮೇಲೆ ಬಂದವರಿಗೆಲ್ಲ ಆ ಕಂತಿನ ಕಥೆ ಹೇಳ್ತಾನೆ. ಯಾರು ಬರೆದಿದ್ದು ಅಂತ ಕೇಳಲಿ ಅಂತ ಕಾಯ್ತಾನೆ. ಕೇಳಿದ್ರೆ “ಯಾರೋ ಹೆಣ್ಣುಮಗಳು, ಕೈ ಚೆನ್ನಾಗಿದೆ” ಅಂತ ಹೇಳಿ ಒಳಗೆ ಹೋಗಿಬಿಡ್ತಾನೆ.

ನೀನು ಏನು ಕೇಳಿದೀಯೋ ನನಗೆ ಗೊತ್ತಿಲ್ಲ. ಅದರ ಉತ್ತರ ನನಗೂ ಅವನು ಹೇಳಿಲ್ಲ, ನಾನು ಕೇಳಿಲ್ಲ ಅಂತಲ್ಲ. ಸ್ವಲ್ಪ ತಡೆದುಕೋ ಮಗಳೇ. ಒಡೆಯೋ ಹಂತಕ್ಕೆ ಬಂದಿದಾನೆ.

ನಿನ್ನ ಅತ್ತೆ


ಮೇ 30

ಗುಂಡುಸೂಜಿ,

ಇದು ಹದಿನಾಲ್ಕನೆಯ ಕಾಗದ. ಹದಿಮೂರನ್ನು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆ ಡಬ್ಬಿಗೆ ಹಾಕಿಬಿಡಬೇಕೆಂದು ಅಂಚೆ ಕಚೇರಿಯ ಬೆಂಚಿನ ಮೇಲೇ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಯಾರೋ ಪೆನ್ನಿಗಾಗಿ ಕಾಯುತ್ತಿದ್ದಾರೆ. ಕಾಯಲಿ.

ಆ ವರ್ಷ ಚಳಿ ಶುರುವಾಗುವ ಹಿಂದಿನ ವಾರ ನಿಮ್ಮಮ್ಮ ನಾನು ಬಟ್ಟೆ ಕತ್ತರಿಸುವ ಕೋಣೆಗೆ ಬಂದು ಚಿಲಕ ಹಾಕಿದಳು. ಮೂವತ್ತು ವರ್ಷದಲ್ಲಿ ಆ ಚಿಲಕ ಹಾಕಿದವಳಲ್ಲ. ನಾನು ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡು ಯಾವುದು ಎಂದು ಲೆಕ್ಕ ಹಾಕತೊಡಗಿದೆ.

“ಈ ಸಲ ನನ್ನ ಅಳತೆ ಹಿಡೀಬೇಡಿ” ಎಂದಳು.

“ಯಾಕೆ?”

“ನೀವು ಕೂಗ್ತೀರ, ಅವಳು ಬರೀತಾಳೆ. ಹೋದ ವರ್ಷದ ನಂಬರು ಅದರ ಮೇಲಿನ ಸಾಲಲ್ಲೇ ಇರುತ್ತೆ. ನಾನು ಎಷ್ಟು ಕರಗಿದೀನಿ ಅನ್ನೋದನ್ನ ಅವಳ ಕೈಯಿಂದ ಬರೆಸಬೇಡಿ.”

“ಹಳೇ ನಂಬರನ್ನೇ ಕೂಗ್ತೀನಿ ಬಿಡು.”

“ನೀವು? ಸುಳ್ಳು ಅಳತೆ? ನಾಲಗೆ ತಡವರಿಸುತ್ತೆ ನಿಮಗೆ. ಅವಳು ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡ್ತಾಳೆ.”

“ಮತ್ತೇನು ಹೇಳಲಿ?”

“ಹಳೇದೇ ಸಾಕು ಅನ್ನಿ. ಬೈದರೆ ನಿಮ್ಮನ್ನ ಬೈತಾಳೆ. ನಿಮಗೆ ನನ್ನ ಹತ್ತಿರ ಬೈಸಿಕೊಂಡು ಅಭ್ಯಾಸ ಇದೆಯಲ್ಲ.”

ನಕ್ಕಳು. ನಾನೂ ನಕ್ಕೆ. ನಗುತ್ತಲೇ ಕೈ ಮುಂದೆ ಮಾಡಿದಳು. “ಆ ನಂಬರು ಅವಳು ಯಾವತ್ತೂ ಬರೀಬಾರದು. ಮಾತು ಕೊಡಿ.” ಕೊಟ್ಟೆ.

ಅಳತೆ ಹಿಡಿಯಲಿಲ್ಲ ಎಂದು ನೀನು ತಿಳಿದಿದ್ದೀಯ. ಟೇಪಿನಲ್ಲಿ ಹಿಡಿಯಲಿಲ್ಲ. ತಿಂಗಳಿಗೊಮ್ಮೆ, ನೀನು ಕಾಲೇಜಿಗೆ ಹೋದಮೇಲೆ, ಗೇಣಿನಲ್ಲಿ ಬೆರಳಿನಲ್ಲಿ ಹಿಡಿದೆ. ಆ ಕೋಟು ಹೊರಗಿನಿಂದ ಹಳೇ ಅಳತೆ. ಒಳಗೆ ಪ್ರತಿ ತಿಂಗಳೂ ಅವಳು ಇಳಿದಷ್ಟಕ್ಕೆ ಒಂದು ಪದರ ಹತ್ತಿ ಕೂರಿಸಿ ಮೇಲೆ ಒಳಬಟ್ಟೆಯ ಅಸ್ತರು ಹಾಕುತ್ತಿದ್ದೆ. ಆರು ಪದರ. ನೀನು ಕಾಲೇಜಿನಿಂದ ಬಂದಾಗ ಅವಳು ಹೋದ ತಿಂಗಳಿನಷ್ಟೇ ದುಂಡಗೆ ಕೂತಿರಬೇಕು, ಅದು ಅವಳ ಆರ್ಡರು. ನನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಏನನ್ನೂ ಹೊಲಿದಿಲ್ಲ, ಇಷ್ಟು ದಿನ ಯಾರಿಗೂ ತೋರಿಸುವ ಹಾಗಿರಲಿಲ್ಲ. ಕೊರಳು ಮಾತ್ರ ನನ್ನ ಕೈ ಮೀರಿತು. ಕೊರಳಿಗೆ ಪದರ ಹಾಕಿದರೆ ಉಸಿರು ಕಟ್ಟುತ್ತದೆ. ನೀನು ಕಂಡದ್ದು ಅದನ್ನೇ. ಕಾಣದೆ ಇರುತ್ತೀಯಾ ನೀನು? ಏಳನೇ ವಯಸ್ಸಿನಿಂದ ಕೊರಳು ಬರೆದವಳು.

ನೀನು ಪೆಟ್ಟಿಗೆ ಹಿಡಿದು ಹೊರಟ ದಿನ ಹೇಳಿಬಿಡಬಹುದಿತ್ತು. ಬಾಯಿಯವರೆಗೂ ಬಂತು. ಮಾತು ಕೊಟ್ಟು ಇನ್ನೂ ವರ್ಷವಾಗಿರಲಿಲ್ಲ, ಕೊಡಿಸಿಕೊಂಡವಳು ಹೋಗಿ ಒಂದು ದಿನವಾಗಿತ್ತು. ಅವಳಿಲ್ಲ ಎಂದು ಮರುದಿನವೇ ಮಾತು ಮುರಿದರೆ ನಾನು ಎಂಥ ಮನುಷ್ಯ? ನಾಲ್ಕು ದಿನದಲ್ಲಿ ಬರುತ್ತಾಳೆ, ಆಗ ನೋಡೋಣ ಎಂದುಕೊಂಡೆ. ನೀನು ಬರಲಿಲ್ಲ. ಆಮೇಲೆ ಆರು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವನು ಈಗ ಹೇಳಿದರೆ ಸಮಜಾಯಿಷಿ ಎನಿಸುತ್ತದೆ ಎಂದು ಇನ್ನಷ್ಟು ಸುಮ್ಮನಾದೆ. ಅದು ನನ್ನ ತಪ್ಪು. ಕಂತಿನ ಹನ್ನೊಂದು ತಪ್ಪು ಎಣಿಸಿದವನು ನನ್ನ ಈ ಒಂದನ್ನು ಬರೆಯಲು ಹದಿನಾಲ್ಕು ಕಾಗದ ತೆಗೆದುಕೊಂಡೆ.

ಫೆಬ್ರವರಿಯಲ್ಲಿ ಮೂರನೆಯ ಮೆಚ್ಚಿಗೆ ಬರೆಯಲಾಗದು ಎಂದಿದ್ದೆನಲ್ಲ. ಕಥೆಯಲ್ಲಿ ಅವನು “ಹಳೇ ಅಳತೆಯೇ ಸಾಕು” ಎಂದಾಗ ಹೆಂಡತಿ ಅವನನ್ನು ನೋಡುವುದಿಲ್ಲ, ಕಿಟಕಿ ಕಡೆ ನೋಡಿ ತುಟಿಯಲ್ಲೇ ನಗುತ್ತಾಳೆ. ಆ ನಗು ಅಲ್ಲಿ ಏಕಿದೆ ಎಂದು ಬರೆದ ನಿನಗೂ ಗೊತ್ತಿರಲಿಕ್ಕಿಲ್ಲ. ಅವತ್ತು ಪುಸ್ತಕ ಹಿಡಿದು ಕೂತಿದ್ದಾಗ ನೀನು ಅದನ್ನು ನಿಮ್ಮಮ್ಮನ ಮುಖದಲ್ಲಿ ನೋಡಿದ್ದೀಯ, ನೋಡಿ ಇಟ್ಟುಕೊಂಡಿದ್ದೀಯ. ಅರ್ಥವಾಗದ್ದನ್ನೂ ಬಿಸಾಡದೆ ಇಟ್ಟುಕೊಳ್ಳುವವಳು ನೀನು. ಅದಕ್ಕೇ ನೀನು ಬರೆಯುವವಳು, ನಾನು ಬರೀ ಹೊಲಿಯುವವನು.

ಉತ್ತರ ನಿನ್ನ ಕೈಲಿದೆ. ಟಿವಿಗೆ ಹಾಕುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಪೆನ್ನಿನವರು ಈಗ ಎದ್ದೇ ನಿಂತಿದ್ದಾರೆ.

ಅಪ್ಪ


ಜೂನ್ 11

ಅಪ್ಪಾ,

ಕಚೇರಿಯ ಮೆಟ್ಟಿಲ ಮೇಲೆ ಓದಿದೆ. ಮೇಲೆ ಹತ್ತುವವರೂ ಕೆಳಗೆ ಇಳಿಯುವವರೂ ನನ್ನನ್ನು ದಾಟಿಕೊಂಡು ಹೋದರು. ಯಾರೋ ಒಬ್ಬರು ನೀರು ತಂದಿಟ್ಟರು. ಯಾರು ಎಂದು ಈಗಲೂ ಗೊತ್ತಿಲ್ಲ.

ಆ ಕೋಟು ಹಾಕಿಕೊಂಡ ಅಮ್ಮನನ್ನು ಅಪ್ಪಿಕೊಂಡಾಗ ಮೆತ್ತಗಿರುತ್ತಿತ್ತು. ಅಮ್ಮ ಮೈ ತುಂಬಿಕೊಳ್ಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಅದೇ ನಂಬಿಕೆಯಲ್ಲಿ ಪರೀಕ್ಷೆ ಬರೆದೆ, ಪಾಸಾದೆ. ಅಪ್ಪಿಕೊಂಡದ್ದು ನಿಮ್ಮ ಹೊಲಿಗೆಯನ್ನು.

ಎರಡನೇ ಭಾಗ ಬರೆಯುತ್ತಿದ್ದೇನೆ. ಏನು ಬರೆದೆ ಎಂದು ಹೇಳುವುದಿಲ್ಲ, ನೋಡಿ.

ಒಂದೇ ಒಂದು ಬೇಡಿಕೆ. ನೀವು ಬೆರಳಿನಲ್ಲಿ ಹಿಡಿದ ಅಳತೆಗಳು ನಿಮಗೆ ಮರೆತಿರುವುದಿಲ್ಲ. ಆರು ತಿಂಗಳದ್ದೂ ಹೇಳಿ. ಅಮ್ಮನ ಪುಟದಲ್ಲಿ ಆ ವರ್ಷದ ಸಾಲು ಖಾಲಿ ಇದೆ. ಈಗ ನಾನು ದೊಡ್ಡವಳು. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.

ಗುಂಡುಸೂಜಿ


ಆಗಸ್ಟ್ 18

ಮಗಳೇ,

ಎರಡು ತಿಂಗಳು ಉತ್ತರಿಸಲಿಲ್ಲ, ಬೈದುಕೊಂಡಿರುತ್ತೀಯ. ನಿನ್ನ ಎರಡನೇ ಭಾಗ ನೋಡದೆ ಬರೆಯಬಾರದು ಎಂದು ನಿರ್ಧರಿಸಿದ್ದೆ. ನಿನ್ನೆ ಸಂಜೆ ನೋಡಿದೆ. ಅಂಗಡಿಯಲ್ಲಿ ಇಪ್ಪತ್ತಮೂರು ಜನ. ಚಾವಿ ಮಾಡುವವನು ತನ್ನ ಅತ್ತೆ ಮನೆಯವರನ್ನೂ ಕರೆತಂದಿದ್ದ.

ನಿಲ್ದಾಣದವರು ದರ್ಜಿಯನ್ನು ಸುತ್ತುವರಿದು “ಯಾಕಯ್ಯಾ ಅಳತೆ ಹಿಡೀಲಿಲ್ಲ? ಬೇಸರ ಬಂತಾ?” ಎಂದು ಕೇಳಿದಾಗ ನಾನು ಉಸಿರು ಬಿಗಿಹಿಡಿದೆ. ಈಗ ಹೇಳುತ್ತಾನೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಅವನು ಬಾಯಿ ತೆರೆದ. ಮುದುಕಿ “ಅವರಿಗೆ ಕೆಲಸ ಇದೆ, ಬಿಡ್ರಪ್ಪಾ” ಎಂದು ಅವನ ತೋಳು ಹಿಡಿದು ಹೊರಬಾಗಿಲಿಗೆ ಕರೆದುಕೊಂಡು ಹೋದಳು. ಅಷ್ಟೇ! ಬಾಗಿಲು ತೆರೆಯಿತು. ದೊಗಳೆ ಉಡುಪಿನ ಅವಳು ಮುಂದೆ, ಅವನು ಹಿಂದೆ, ಎರಡು ಕೈಯಲ್ಲೂ ಅವಳ ಕೊರಳಪಟ್ಟಿಯನ್ನು ಸುತ್ತ ಬಿಗಿಹಿಡಿದು. ಕೆಂಪು ನಕ್ಷತ್ರದ ಬೆಳಕಿನಲ್ಲಿ ಅವಳು ನೋಡುವಷ್ಟೂ ಹೊತ್ತು ಅವನು ನಕ್ಷತ್ರ ನೋಡಲಿಲ್ಲ, ಕೊರಳನ್ನೇ ನೋಡುತ್ತಿದ್ದ. ಕೈಯಲ್ಲಿ ಹಿಡಿದರೆ ಗಾಳಿ ನಿಲ್ಲುತ್ತದೆಯೋ ಇಲ್ಲವೋ ವಿಜ್ಞಾನಿಗಳು ಜಗಳವಾಡಿಕೊಳ್ಳಲಿ. ನಮ್ಮ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ಅವಳು ಹೋದಮೇಲೆ ಇವನಿಗೆ ಇನ್ನೂ ಎಷ್ಟು ನೂರು ವರ್ಷ ಇದೆಯೋ ಎಂದು ಒಂದು ಮಾತೂ ಆಡಿಸದೆ, ಅವನ ಖಾಲಿ ಕೈ ತೋರಿಸಿ ಮುಗಿಸಿದೆ.

ನಿನ್ನ ಅತ್ತೆ ಸೆರಗು ಬಿಟ್ಟು, ಯಾರೋ ಗಿರಾಕಿ ಅಳತೆಗೆಂದು ಕೊಟ್ಟಿದ್ದ ಪ್ಯಾಂಟಿನಲ್ಲಿ ಮೂಗು ಒರೆಸಿಕೊಂಡಳು. ಚಾವಿಯವನು “ಉತ್ತರ ಹೇಳಲೇ ಇಲ್ವಲ್ರೀ! ಮೋಸ!” ಎಂದ. “ಬರೆದೋರಿಗೆ ಗೊತ್ತಿದೆ, ಹೇಳೋದು ಬೇಡ ಅಂತ ಬಿಟ್ಟಿದಾಳೆ. ನಿನಗೇನು ಕಷ್ಟ?” ಎಂದೆ. “ನಿಮಗೆ ಹೆಂಗೆ ಗೊತ್ತು?” “ನನ್ನ ಮಗಳು ಕಣಯ್ಯಾ ಬರೆದಿದ್ದು.” ಹೆಸರು ಬಂದಾಗ ಎಲ್ಲರಿಗೂ ಬಾಯಿ ಮುಚ್ಚಲು ಹೇಳಿದೆ. ಒಂದೂವರೆ ಸೆಕೆಂಡು ಸಾಕು, ಓದಲು ಬರುವವರಿಗೆ.

ಹೇಳಬಹುದಾಗಿದ್ದ ಮಾತನ್ನು ಹೇಳದೆ ಕಥೆ ನಿಲ್ಲಿಸುವುದು ಕಷ್ಟದ ಕೆಲಸ. ನಿಮ್ಮ ಮುಖ್ಯ ಕಥೆಗಾರರ ಜೊತೆ ಎಷ್ಟು ಗುದ್ದಾಡಿದ್ದೀಯೋ. ನನಗೆ ತಲೆಬಾಗಲು ಬರುವುದಿಲ್ಲ, ಕಸುಬಿನಲ್ಲಿ ಬೆನ್ನು ಹಾಗೇ ಬಾಗಿದೆ. ಅದನ್ನೇ ಲೆಕ್ಕಕ್ಕೆ ಹಿಡಿದುಕೋ.

ಇನ್ನು ನಿನ್ನ ಬೇಡಿಕೆ. ಆರು ತಿಂಗಳ ಅಳತೆಯೂ ನೆನಪಿದೆ, ಅರ್ಧ ಬೆರಳೂ ತಪ್ಪದೆ. ಆದರೆ ಕಾಗದದಲ್ಲಿ ಕಳಿಸಲಾರೆ. ಎರಡು ತಿಂಗಳು ಯೋಚಿಸಿದ್ದು ಇದನ್ನೇ. ನಿಮ್ಮಮ್ಮ ಅವತ್ತು ಏನೆಂದಳು ಎಂದು ಪದ ಪದವಾಗಿ ಹಿಂದೆ ಮುಂದೆ ತಿರುಗಿಸಿ ನೋಡಿದೆ. ನೀನು ಬರೆಯಬಾರದು ಎಂದಳು. ಕೇಳಬಾರದು ಎಂದಿರಲಿಲ್ಲ. ಅವಳು ಸಾಮಾನ್ಯದವಳಲ್ಲ, ಬೇಕೆಂದೇ ಅಷ್ಟು ಸಂದು ಬಿಟ್ಟಿದ್ದಾಳೆ ಎಂದು ನನಗೆ ಅನುಮಾನ.

ಭಾನುವಾರ ಅಂಗಡಿ ರಜ. ಬಾ. ಎದುರಿಗೆ ಕೂತುಕೋ, ಎದೆಯಿಂದ ಕೊರಳಿನವರೆಗೆ ಒಂದೊಂದಾಗಿ ಹೇಳುತ್ತೇನೆ. ಬರುವಾಗ ಪೆನ್ನು ಮಾತ್ರ ತರಬೇಡ.

ನಿನ್ನ
ಅಪ್ಪ